ಕ್ಲೀನರ್ ಮೀನು ಬಿಳಿ ಚುಕ್ಕೆ ರೋಗವನ್ನು ವಾಸಿ ಮಾಡುತ್ತದೆಯೇ?

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಸಿಗುವ ಸಲಹೆಯೊಂದಿದೆ: ಮೀನುಗಳ ಮೈಮೇಲೆ ಬಿಳಿ ಚುಕ್ಕೆ ಕಂಡರೆ ಒಂದು ಕ್ಲೀನರ್ ರಾಸ್ ತಂದು ಬಿಡಿ, ಅದು ಚುಕ್ಕೆಗಳನ್ನೆಲ್ಲ ತಿಂದು ರೋಗ ಗುಣಪಡಿಸುತ್ತದೆ. ಇದು ನಿಜವೇ?

ಹವಳದ ದಿಬ್ಬಗಳಲ್ಲಿ ಬದುಕುವ ಈ ನೀಲಿ-ಕಪ್ಪು ಪಟ್ಟೆಯ ಮೀನಿನ ಕಸುಬೇ ಶುಚಿ ಮಾಡುವುದು. ಬೇರೆ ಮೀನುಗಳು ಅದಿರುವ ಜಾಗಕ್ಕೇ ಬಂದು ಬಾಯಿ, ಕಿವಿರು ತೆರೆದು ನಿಲ್ಲುತ್ತವೆ. ಅವುಗಳ ರಕ್ತ ಹೀರುವ ಪುಟ್ಟ ಪರಜೀವಿಗಳನ್ನು ಇದು ಹೆಕ್ಕಿ ತಿನ್ನುತ್ತದೆ. ಆಸ್ಟ್ರೇಲಿಯಾದ ಲಿಜಾರ್ಡ್ ದ್ವೀಪದ ಬಳಿ ಅಲೆಕ್ಸಾಂಡ್ರಾ ಗ್ರಟರ್ ನಡೆಸಿದ ಅಧ್ಯಯನದ ಪ್ರಕಾರ, ಒಂದು ಮೀನು ದಿನಕ್ಕೆ ಸುಮಾರು 1,200 ಪರಜೀವಿಗಳನ್ನು ತಿನ್ನುತ್ತದೆ.

ಆದರೆ ಬಿಳಿ ಚುಕ್ಕೆ ರೋಗಕ್ಕೆ ಕಾರಣ ಬೇರೆ. ಅದು ಕ್ರಿಪ್ಟೋಕ್ಯಾರಿಯಾನ್ ಎಂಬ ಏಕಕೋಶ ಜೀವಿ. ಅದು ಚರ್ಮದ ಮೇಲ್ಪದರದ ಒಳಗೆ ಹುದುಗಿರುವುದರಿಂದ ಕ್ಲೀನರ್ ಮೀನಿಗೆ ಎಟುಕುವುದಿಲ್ಲ.

ಹಾಗಾದರೆ ಚುಕ್ಕೆಗಳು ಮಾಯವಾಗುವುದೇಕೆ? ಕೆಲವು ದಿನಗಳಲ್ಲಿ ಆ ಜೀವಿ ತಾನಾಗಿಯೇ ಮೀನನ್ನು ಬಿಟ್ಟು ತೊಟ್ಟಿಯ ತಳ ಸೇರುತ್ತದೆ. ಅಲ್ಲಿ ಕೋಶ ಕಟ್ಟಿಕೊಂಡು, ನೂರಾರು ಮರಿಗಳಾಗಿ ಒಡೆದು, ಮತ್ತೆ ಮೀನುಗಳನ್ನು ಹುಡುಕಿಕೊಂಡು ಹೊರಡುತ್ತದೆ. ಚುಕ್ಕೆ ಹೋಯಿತೆಂದು ನೀವು ನಿಶ್ಚಿಂತರಾಗಿರುವಾಗಲೇ ಮುಂದಿನ ದಾಳಿ ಸಿದ್ಧವಾಗುತ್ತಿರುತ್ತದೆ.

ಇತ್ತ ಕ್ಲೀನರ್ ರಾಸ್‌ನ ಪಾಡು ಇನ್ನೂ ಕಷ್ಟ. ತೊಟ್ಟಿಯಲ್ಲಿ ಅದರ ಸಹಜ ಆಹಾರ ಇರುವುದಿಲ್ಲ. ಒಣ ಆಹಾರಕ್ಕೆ ಒಗ್ಗದಿದ್ದರೆ ಹಸಿವಿನಿಂದ ಸಾಯುತ್ತದೆ. ಇಲ್ಲವೇ ಇತರ ಮೀನುಗಳ ಮೈಲೋಳೆ ಕಚ್ಚಿ ತಿಂದು ಅವನ್ನು ಕಾಡುತ್ತದೆ. ಮಾರಾಟಕ್ಕೆ ಬರುವ ಈ ಮೀನುಗಳನ್ನು ಸಾಮಾನ್ಯವಾಗಿ ಕಡಲಿನಿಂದಲೇ ಹಿಡಿದಿರುತ್ತಾರೆ. ಲಿಜಾರ್ಡ್ ದ್ವೀಪದ ಕೆಲವು ಸಣ್ಣ ದಿಬ್ಬಗಳಿಂದ ಇವನ್ನು ಎಂಟೂವರೆ ವರ್ಷ ದೂರವಿಟ್ಟು ನೋಡಿದಾಗ, ಅಲ್ಲಿ ನೆಲೆಸಿದ ಮೀನುಗಳ ಸಂಖ್ಯೆ ಶೇ. 37ರಷ್ಟು ಕಡಿಮೆಯಿತ್ತು.

ಹಾಗಾದರೆ ಏನು ಮಾಡಬೇಕು?

• ಹೊಸ ಮೀನನ್ನು ಮೊದಲು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ಗಮನಿಸಿ.

• ರೋಗ ಕಂಡರೆ ಎಲ್ಲ ಮೀನುಗಳನ್ನೂ ಬೇರೆ ತೊಟ್ಟಿಗೆ ವರ್ಗಾಯಿಸಿ, ಅಳತೆ ತಪ್ಪದಂತೆ ತಾಮ್ರದ ಔಷಧಿ ಕೊಡಿ. ಹವಳ, ಸೀಗಡಿಗಳಿರುವ ತೊಟ್ಟಿಗೆ ತಾಮ್ರ ಹಾಕಬೇಡಿ, ಅವು ಸಾಯುತ್ತವೆ.

• ಮುಖ್ಯ ತೊಟ್ಟಿಯನ್ನು ಸುಮಾರು ಎರಡೂವರೆ ತಿಂಗಳು ಮೀನಿಲ್ಲದೆ ಬಿಡಿ. ಆಶ್ರಯ ಸಿಗದೆ ಪರಜೀವಿ ನಾಶವಾಗುತ್ತದೆ.

ಶುಚಿ ಮಾಡುವ ಮೀನಿನ ಆಟ ನೋಡುವ ಆಸೆಯಿದ್ದರೆ, ತೊಟ್ಟಿಯಲ್ಲೇ ಮರಿ ಮಾಡಿ ಬೆಳೆಸಿದ ನಿಯಾನ್ ಗೋಬಿ ತನ್ನಿ. ಬೆರಳುದ್ದದ ಈ ಮೀನು ನಾವು ಹಾಕುವ ಆಹಾರವನ್ನೇ ತಿಂದು ಬದುಕುತ್ತದೆ. ಆದರೆ ಬಿಳಿ ಚುಕ್ಕೆಗೆ ಅದೂ ಔಷಧಿಯಲ್ಲ.