ಬಾಡಿಗೆ ಗೋಡೆಯ ಮೇಲಿನ ಬರಹ ಎಷ್ಟು ದಿನ?

ಬೂವನಹಳ್ಳಿ: ಬೆಳಿಗ್ಗೆ ಇಲ್ಲಿ ಹಾಸನದ ಬಸ್ಸಿಗೆ ಕಾಯುವವರನ್ನು ಒಮ್ಮೆ ನೋಡಿ. ಮುಕ್ಕಾಲು ಪಾಲು ಜನ ತಲೆ ಬಗ್ಗಿಸಿ ನಿಂತಿರುತ್ತಾರೆ. ಪ್ರಾರ್ಥನೆ ಅಲ್ಲ ಸ್ವಾಮಿ, ಫೋನು! ಒಬ್ಬರು ಮೊಮ್ಮಗುವಿನ ನಾಮಕರಣದ ಫೋಟೋ ಹಾಕುತ್ತಾರೆ, ಇನ್ನೊಬ್ಬರು ಶುಂಠಿ ರೇಟು ಬಿದ್ದ ಸಂಕಟ ತೋಡಿಕೊಳ್ಳುತ್ತಾರೆ.

ಈ ವರದಿಗಾರನೂ ಅದೇ ಪೈಕಿ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನಿಗೆ ಪುಸ್ತಕ ಯಾರು ಅಚ್ಚು ಹಾಕುತ್ತಾರೆ? ವಿಮಾನ ನಿಲ್ದಾಣಕ್ಕೆಂದು ಗುರುತಾದ ಇಲ್ಲಿನ ಬಯಲಲ್ಲಿ ಮೊದಲು ಯಾರು ಏನು ಬೆಳೀತಿದ್ದರು, ದನ ಎಲ್ಲಿ ಮೇಯುತ್ತಿದ್ದವು ಅಂತ ಹಿರಿಯರೊಬ್ಬರು ಹೇಳಿದ್ದನ್ನು ಎರಡು ವರ್ಷ ಒಂದು ಜಾಲತಾಣದಲ್ಲಿ ಬರೆದೆ. ಒಂದು ದಿನ ಖಾತೆಗೆ ಬೀಗ! ಕೇಳೋಣವೆಂದರೆ ಕೌಂಟರೂ ಇಲ್ಲ, ಗುಮಾಸ್ತನೂ ಇಲ್ಲ. ನಕಲು ಇಟ್ಟುಕೊಳ್ಳದ್ದು ನನ್ನ ತಪ್ಪು. ಮತ್ತೆ ಕೇಳೋಣವೆಂದರೆ ಆ ಹಿರಿಯರು ಈಗಿಲ್ಲ.

ನನ್ನೊಬ್ಬನ ಗೋಳಲ್ಲ ಇದು. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ನೋಡುತ್ತಿದ್ದ ಆರ್ಕುಟ್ ನೆನಪಿದೆಯೆ? 2004ರಲ್ಲಿ ಶುರುವಾಗಿ 2014ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ಹೋಯಿತು. ಕಂಪನಿಗೆ ಬೇಡವಾದ ದಿನ ಶಟರ್ ಎಳೆಯಿತು, ಅಷ್ಟೆ.

ಹಾಗಾದರೆ ದಾರಿ? ಸ್ವಂತ ದಿನಚರಿ, ಅಂದರೆ ಬ್ಲಾಗು. ಹೊಸದೇನಲ್ಲ. ಬ್ಲಾಗರ್ ಬಂದದ್ದು 1999ರಲ್ಲಿ, ವರ್ಡ್‌ಪ್ರೆಸ್ 2003ರಲ್ಲಿ. ಕನ್ನಡಕ್ಕೆ 1998ರಲ್ಲೇ 'ಬರಹ' ತಂತ್ರಾಂಶ ಬಂದಿತ್ತು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಬೇರೆಯವರ ಯಂತ್ರದಲ್ಲೂ ನಮ್ಮ ಅಕ್ಷರ ಸರಿಯಾಗಿ ಮೂಡಿತು. 2005ರಲ್ಲಿ ಶುರುವಾದ 'ಸಂಪದ'ದಲ್ಲಿ ಸಾಹಿತಿಗಳಲ್ಲದವರೂ ಧೈರ್ಯವಾಗಿ ಕನ್ನಡ ಬರೆದರು.

ಅಂಗಡಿ ಭಾಷೆಯಲ್ಲೇ ಹೇಳುತ್ತೇನೆ, ಕೇಳಿ. ಬಿಟ್ಟಿ ಬ್ಲಾಗು ಅಂದರೆ ಇನ್ನೊಬ್ಬರ ಜಗುಲಿ. ಡೊಮೇನ್ ಅಂದರೆ ನಿಮ್ಮ ಹೆಸರಿನ ಬೋರ್ಡು. ಹೋಸ್ಟಿಂಗ್ ಅಂದರೆ ಮಳಿಗೆ ಬಾಡಿಗೆ. ಮಾಲೀಕ ತಕರಾರು ಮಾಡಿದರೆ ಅದೇ ಬೋರ್ಡನ್ನು ಬೇರೆ ಮಳಿಗೆಗೆ ಹಾಕಿಕೊಳ್ಳಬಹುದು, ಗಿರಾಕಿ ತಪ್ಪುವುದಿಲ್ಲ. ಆದರೆ ಬೋರ್ಡಿನ ಹಣವನ್ನು ಕಾಲಕಾಲಕ್ಕೆ ಕಟ್ಟಲು ಮರೆತರೆ ಹೆಸರು ಕಂಡವರ ಪಾಲು! ಬರೆದದ್ದರ ಒಂದು ನಕಲು ಪೆನ್‌ಡ್ರೈವಿನಲ್ಲಿ ಇರಲೇಬೇಕು. ನೆರೆಮನೆಯವರ ಗುಟ್ಟು, ಫೋನ್ ನಂಬರು ಬರೆಯಬೇಡಿ. ಜಗಳ ಮನೆ ಬಾಗಿಲಿಗೇ ಬರುತ್ತದೆ.

ನಷ್ಟವೂ ಇದೆ. ಲೈಕಿನ ಸುರಿಮಳೆ ಇರದು. ಓದುವವರು ನಾಲ್ಕೇ ಜನ ಇರಬಹುದು. ಇರಲಿ ಬಿಡಿ. ನಮ್ಮ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಳ್ಳಿಯ ಜಗುಲಿ ಮಾತನ್ನೇ ಬರೆದು ದೊಡ್ಡವರಾದರು. ಅಮೇರಿಕಾಕ್ಕೆ ಹೋಗಿಬಂದು ಬರೆದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಊರಿನ ಮಾತು ಸಣ್ಣದಲ್ಲ.

ಆ ಬಯಲಿನ ಕಥೆಯನ್ನು ಈಗ ಸ್ವಂತ ಬೋರ್ಡಿನ ಕೆಳಗೆ ಮತ್ತೆ ಬರೆಯುತ್ತಿದ್ದೇನೆ. ಅರ್ಧವೂ ನೆನಪಿಗೆ ಬರುತ್ತಿಲ್ಲ. ನಿಮ್ಮ ಮನೆಯ ಹಿರಿಯರು ಇನ್ನೂ ಜಗುಲಿ ಮೇಲೆ ಕೂತಿದ್ದರೆ ಇವತ್ತೇ ಕೇಳಿ ಬರಕೊಳ್ಳಿ. ಬಸ್ಸು ತಪ್ಪಿದರೆ ಇನ್ನೊಂದು ಬಂದೇ ಬರುತ್ತದೆ.