ಧಾರಾವಾಹಿಯ ಪಾತ್ರಗಳು ಮತ್ತು ಜನಸ್ಮರಣೆ

ದೂರದರ್ಶನದ ಧಾರಾವಾಹಿಯೊಂದರ ಕಥೆ ಮರೆತುಹೋದ ಮೇಲೂ ಅದರ ಒಂದೆರಡು ಪಾತ್ರಗಳು ಜನರ ಮಾತಿನಲ್ಲಿ ಉಳಿಯುವುದುಂಟು. ಇದನ್ನು ಬರಿಯ ಮನೋರಂಜನೆಯ ವಿಷಯವೆಂದು ಇತಿಹಾಸದ ಅಭ್ಯಾಸಿಗಳು ಕಡೆಗಣಿಸಲಾಗದು. ಒಂದು ಕಾಲದ ಜನ ಯಾರನ್ನು ಮೆಚ್ಚಿದರು, ಯಾರಿಗಾಗಿ ಮರುಗಿದರು ಎಂಬುದೂ ಆ ಕಾಲದ ಚರಿತ್ರೆಯೇ. ಅಳವಂಡಿಯ ಸೀಮೆಯನ್ನು ಕಣ್ಣೆದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಸಂಕ್ಷೇಪವಾಗಿ ವಿಚಾರಿಸೋಣ.

ಈ ಸೀಮೆಗೆ ದೂರದರ್ಶನದ ಸಂಬಂಧ ಇತ್ತೀಚಿನದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಉಪಗ್ರಹದ ಮೂಲಕ ಶಿಕ್ಷಣ ನೀಡುವ 'ಸೈಟ್' ಪ್ರಯೋಗವು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಅಳವಂಡಿಯನ್ನೊಳಗೊಂಡ ಕೊಪ್ಪಳ ತಾಲ್ಲೂಕು ಆಗ ರಾಯಚೂರಿಗೆ ಸೇರಿದ್ದಿತು. ಕೊಪ್ಪಳ ಜಿಲ್ಲೆಯಾದುದು 1997ರಲ್ಲಿ.

ಆದರೆ ಪಾತ್ರವನ್ನು ನೆನಪಿಡುವ ಅಭ್ಯಾಸ ಇಲ್ಲಿ ಅದಕ್ಕಿಂತ ಎಷ್ಟೋ ಹಳೆಯದು. ತೊಗಲುಗೊಂಬೆಯಾಟದಲ್ಲಿ ಪ್ರಸಂಗ ಯಾವುದೇ ಇರಲಿ, ಕಿಳ್ಳೇಕ್ಯಾತ ಬಂಗಾರಕ್ಕರು ಬಂದೇ ಬರುವರು. ಇದೇ ಜಿಲ್ಲೆಯ ಮೋರನಾಳದ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಿತವಾದುದು ಈ ಪರಂಪರೆಗೆ ಸಂದ ಮನ್ನಣೆ. ಮತ್ತೆ ಮತ್ತೆ ಎದುರಾಗುವುದರಿಂದಲೇ ಪಾತ್ರವು ಪರಿಚಿತವಾಗುವುದೆಂಬ ತತ್ತ್ವವನ್ನು ಗೊಂಬೆಯಾಟ ಅರಿತಿತ್ತು. ಧಾರಾವಾಹಿಯೂ ಅದನ್ನೇ ಅನುಸರಿಸಿತು. ಟಿ. ಎನ್. ಸೀತಾರಾಮ್ ಅವರು ತಾವೇ ಅಭಿನಯಿಸಿದ ವಕೀಲ ಸಿ. ಎಸ್. ಪಿ.ಯು 'ಮುಕ್ತ'ದಲ್ಲಿಯೂ 2018ರಲ್ಲಿ ಆರಂಭವಾದ 'ಮಗಳು ಜಾನಕಿ'ಯಲ್ಲಿಯೂ ಕಾಣಿಸಿಕೊಂಡುದು ಇದಕ್ಕೆ ನಿದರ್ಶನ.

ಪರಿಚಯವೊಂದೇ ಸಾಲದು, ನೋಡುವವರ ತೀರ್ಪೂ ಪಾತ್ರವನ್ನು ರೂಪಿಸುತ್ತದೆ. 1984-85ರಲ್ಲಿ ಪ್ರಸಾರವಾದ 'ಹಮ್ ಲೋಗ್' ಧಾರಾವಾಹಿಯನ್ನು ಸಮಾಜಶಿಕ್ಷಣದ ಉದ್ದೇಶದಿಂದಲೇ ರಚಿಸಲಾಗಿತ್ತು. ಎಲ್ಲವನ್ನೂ ಸಹಿಸುವ ತಾಯಿ ಭಾಗವಂತಿಯನ್ನು ನೋಡಿ, ಹೆಣ್ಣು ಹೀಗಿರಬಾರದೆಂದು ಜನ ತಿಳಿಯಲಿ ಎಂಬುದು ರಚಕರ ಆಶಯ. ಆದರೆ ಅನೇಕ ಪ್ರೇಕ್ಷಕರು ಆಕೆಯಲ್ಲಿಯೇ ಆದರ್ಶವನ್ನು ಕಂಡರೆಂದು ಸಂಶೋಧಕರು ತೋರಿಸಿರುವರು. ಪಾಠ ಕಲಿಸಹೊರಟವರ ಉದ್ದೇಶ ಬೇರೆ, ಜನ ಕಲಿತ ಪಾಠ ಬೇರೆ.

ಪಾತ್ರದ ಪ್ರಭಾವ ಪರದೆಯಾಚೆಗೂ ಹಬ್ಬಬಲ್ಲದು. 1987-88ರ 'ರಾಮಾಯಣ'ದಲ್ಲಿ ಸೀತೆಯಾಗಿದ್ದ ದೀಪಿಕಾ ಚಿಖಲಿಯಾ, ರಾವಣನಾಗಿದ್ದ ಅರವಿಂದ ತ್ರಿವೇದಿ ಇಬ್ಬರೂ 1991ರಲ್ಲಿ ಲೋಕಸಭೆಗೆ ಆಯ್ಕೆಯಾದರು. ಖಳನ ಪಾತ್ರವೂ ಜನಾದರಕ್ಕೆ ಅಡ್ಡಿಯಾಗಲಿಲ್ಲವೆಂಬುದು ಗಮನಾರ್ಹ.

ಆದುದರಿಂದ ಧಾರಾವಾಹಿಯನ್ನು ಆಧಾರವಾಗಿ ಬಳಸುವವರು ಕಥೆಯನ್ನು ಮಾತ್ರ ಓದಿದರೆ ಅರ್ಧ ಸಂಗತಿಯಷ್ಟೇ ದೊರೆಯುವುದು. ಉಳಿದರ್ಧ ಇರುವುದು ನೋಡಿದವರ ನೆನಪಿನಲ್ಲಿ. 1975ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಅರುವತ್ತರ ಆಚೀಚೆ ಇರುವರು. ಅಂದಿನ ಹಿರಿಯರಲ್ಲಿ ಉಳಿದಿರುವವರು ಕೆಲವರೇ. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಇಂತಹವರನ್ನು ಕಂಡು, ಯಾವ ಪಾತ್ರ ನೆನಪಿದೆ, ಏಕೆ ನೆನಪಿದೆ ಎಂದು ಕೇಳಿ, ಅವರ ಮಾತಿನಲ್ಲಿಯೇ ಬರೆದಿಡಬೇಕು. ಈ ಕೆಲಸಕ್ಕೆ ಹೆಚ್ಚಿನ ವೆಚ್ಚ ಬೇಕಿಲ್ಲ. ವಿಳಂಬಕ್ಕೆ ಮಾತ್ರ ಅವಕಾಶವಿಲ್ಲ.