ಬ್ರಹ್ಮಗಿರಿಯ ಬಂಡೆಯ ಮೇಲೊಬ್ಬ ಉಪಾಸಕ

ಅಶೋಕನ ಹೆಸರನ್ನರಿಯದ ಶಾಲಾಬಾಲಕನಿಲ್ಲ. ಕಳಿಂಗದ ರಣರಂಗವನ್ನು ಕಂಡು ಮರುಗಿದ ಅರಸನು ಮರುಕ್ಷಣವೇ ಪರಮಸಾಧುವಾದನೆಂಬಂತೆ ಆ ಕಥೆಯನ್ನು ಮಕ್ಕಳಿಗೆ ಹೇಳುವುದು ರೂಢಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಬಂಡೆಯು ಬೇರೊಂದು ಕಥೆಯನ್ನು ಹೇಳುತ್ತದೆ, ಹೇಳುವವನೂ ಅಶೋಕನೇ.

ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಈ ಪ್ರಾಕೃತ ಶಾಸನದಲ್ಲಿ ಚಕ್ರವರ್ತಿಯು ತನ್ನನ್ನು ಉಪಾಸಕನೆಂದು ಕರೆದುಕೊಂಡಿದ್ದಾನೆ. ಮನೆಮಾರನ್ನು ತೊರೆಯದೆಯೇ ಬುದ್ಧ, ಧರ್ಮ, ಸಂಘಗಳಿಗೆ ಶರಣಾದ ಗೃಹಸ್ಥನೇ ಉಪಾಸಕ. ಹಾಗೆ ಶರಣಾಗಿ ಎರಡೂವರೆ ವರ್ಷ ಮೀರಿತ್ತಂತೆ. ಆದರೆ ಒಂದು ವರ್ಷ ತಾನು ತಕ್ಕಷ್ಟು ಶ್ರಮಿಸಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಮೇಲೆ, ವರ್ಷಕ್ಕೂ ಮಿಗಿಲಾಗಿ, ಬಲವಾಗಿ ಶ್ರಮಿಸಿದೆನೆಂದೂ ಆತ ಒಪ್ಪಿಕೊಳ್ಳುತ್ತಾನೆ. ವಿಜಯಗಳನ್ನು ಕೊರೆಸಿದ ಅರಸರು ಅನೇಕರು. ತನ್ನ ಆಲಸ್ಯವನ್ನು ಕಲ್ಲಿನಲ್ಲಿ ಕೊರೆಸಿದವನು ಮತ್ತಾರು?

ಶರಣುಹೋಗುವುದಕ್ಕೆ ಹೆಚ್ಚು ಹೊತ್ತು ಬೇಡ. ಮೂರು ಶರಣವಚನಗಳನ್ನು ಮೂರು ಬಾರಿ ಉಚ್ಚರಿಸಿದರಾಯಿತು. ಅದರೊಡನೆ ಸ್ವೀಕರಿಸುವ ಪಂಚಶೀಲವೇ ಕಠಿಣ: ಕೊಲ್ಲದಿರುವುದು, ಕದಿಯದಿರುವುದು, ವ್ಯಭಿಚಾರ ಮಾಡದಿರುವುದು, ಸುಳ್ಳಾಡದಿರುವುದು, ಮಾದಕಪಾನವನ್ನು ತ್ಯಜಿಸುವುದು. ಇವು ಮೇಲಿನಿಂದ ಬಂದ ಅಪ್ಪಣೆಗಳಲ್ಲ. ಸಾಧಕನು ತಾನಾಗಿ ಕೈಕೊಳ್ಳುವ ಅಭ್ಯಾಸಗಳು.

ಅಶೋಕನಿಗೆ ಮೊದಲನೆಯ ಶೀಲವು ತನ್ನ ಅಡುಗೆಮನೆಯಲ್ಲೇ ಎದುರಾಯಿತು. ಗಿರ್ನಾರ್ ಮುಂತಾದೆಡೆ ಇರುವ ಆತನ ಮೊದಲನೆಯ ಬಂಡೆಶಾಸನದ ಪ್ರಕಾರ, ಹಿಂದೆ ಅರಮನೆಯ ಪಾಕಶಾಲೆಯಲ್ಲಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು. ಅರಮನೆಯ ಲೆಕ್ಕವನ್ನು ಅಕ್ಷರಶಃ ನಂಬಬೇಕಾಗಿಲ್ಲ. ಮುಂದಿನ ಲೆಕ್ಕ ಮಾತ್ರ ಬಹು ಖಚಿತವಾಗಿದೆ. ಶಾಸನ ಬರೆಸುವ ವೇಳೆಗೆ ಉಳಿದದ್ದು ಮೂರೇ ಪ್ರಾಣಿ: ಎರಡು ನವಿಲು, ಒಂದು ಜಿಂಕೆ; ಜಿಂಕೆಯೂ ನಿತ್ಯವಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲವೆಂದು ಮಾತು ಕೊಟ್ಟಿದ್ದಾನೆ. ಅಂದೇ ನಿಲ್ಲಿಸಿದೆನೆಂದು ಬರೆಸಿದ್ದರೆ ಕೇಳುವವರಾರಿದ್ದರು? ಆತ ಹಾಗೆ ಬರೆಸಲಿಲ್ಲ. ನಾಲ್ಕನೆಯ ಶೀಲವಾದರೂ ಅಲ್ಲಿ ಉಳಿಯಿತು.

ಸುಳ್ಳಿನ ವಿಷಯದಲ್ಲಿ ಆತನ ಎಚ್ಚರ ದೊಡ್ಡದು. ರಾಜಸ್ಥಾನದ ಬೈರಾಟ್‌ನ ಶಾಸನದಲ್ಲಿ ಬುದ್ಧ, ಧರ್ಮ, ಸಂಘಗಳಲ್ಲಿ ತನಗಿರುವ ಭಕ್ತಿಯನ್ನು ಸಾರಿ, ಭಿಕ್ಷು ಭಿಕ್ಷುಣಿಯರೂ ಉಪಾಸಕ ಉಪಾಸಿಕೆಯರೂ ಮತ್ತೆ ಮತ್ತೆ ಕೇಳಬೇಕಾದ ಏಳು ಉಪದೇಶಗಳನ್ನು ಹೆಸರಿಸಿದ್ದಾನೆ. ಅವುಗಳಲ್ಲೊಂದು, ಸುಳ್ಳಾಡುವುದನ್ನು ಕುರಿತು ಬುದ್ಧನು ಮಗ ರಾಹುಲನಿಗೆ ಹೇಳಿದ ಬುದ್ಧಿಮಾತು.

ಬ್ರಹ್ಮಗಿರಿಯ ಬಂಡೆಯಾದರೋ ಶ್ರಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರಿಗೂ ಲಭ್ಯವೆನ್ನುತ್ತದೆ. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಚನ, ಗುರುಭಕ್ತಿ: ಇವು ಅಲ್ಲಿ ಹೇಳಿರುವ ಧರ್ಮದಲ್ಲಿ ಸೇರಿವೆ.

ಪಟ್ಟಾಭಿಷೇಕವಾಗಿ 26 ವರ್ಷ ಕಳೆದ ಮೇಲೆ ಅಶೋಕನು ಅವಧ್ಯ ಪ್ರಾಣಿಗಳ ದೀರ್ಘವಾದ ಪಟ್ಟಿಯನ್ನು ಸ್ತಂಭಗಳ ಮೇಲೆ ಕೊರೆಸಿದನು. ಗಿಳಿ, ಗೊರವಂಕ, ಹಂಸ, ಬಾವಲಿ, ಮೂಳೆಯಿಲ್ಲದ ಮೀನು ಎಲ್ಲಕ್ಕೂ ಅಲ್ಲಿ ಅಭಯವಿದೆ. ನವಿಲಿನ ಹೆಸರು ಮಾತ್ರ ಆ ಪಟ್ಟಿಯಲ್ಲಿ ಕಾಣುವುದಿಲ್ಲ.